ಅಡ್ಡಹೆಸರು ಕೇಳಿದಾಗ

 

ಇಂದಿನ ಚಿಂತನೆ ನಾಲ್ಕನೆಯ ಶೀಲದ ಬಗ್ಗೆ, ಅಂದರೆ ಸುಳ್ಳು ಹೇಳದಿರುವ ಬಗ್ಗೆ. ಪ್ರಶ್ನೆ ನನ್ನದಲ್ಲ. ಹೋದ ವರ್ಷ ಪದವಿ ಮುಗಿಸಿ ದೂರದ ಊರಿಗೆ ಎಂ.ಎ. ಓದಲು ಹೋದ ನಮ್ಮ ಕಡೆಯ ಹುಡುಗಿಯದು. ಈಗ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ ಆಗಿದೆ, ಆದರೂ ಅವಳು ಹೊರಗೆ ಹೋದಳು. ಅವಳನ್ನೂ ಅವಳ ತಾಯಿಯನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಹಾಸ್ಟೆಲ್ಲಿಗೆ ಹೋದ ಎರಡನೇ ದಿನ ರೂಮಿನ ಹುಡುಗಿಯರು ಕೇಳಿದ್ದಾರೆ: "ನಿನ್ನ ಅಡ್ಡಹೆಸರ ಏನ? ನೀವು ಯಾ ಮಂದಿ?" ಇವಳ ಬಾಯಿಗೆ ಬಂದದ್ದು "ಲಿಂಗಾಯತರು". ಯೋಚಿಸಿ ಹೇಳಿದ್ದಲ್ಲ. ಹೇಳಿದ ಮೇಲೆ ತಿರುಗಿ ತೆಗೆದುಕೊಳ್ಳಲು ಆಗಲಿಲ್ಲ.

ಒಂದು ಸುಳ್ಳು ದಿನಾ ಮೇವು ಕೇಳುತ್ತದೆ. ಮೊಬೈಲಿನ ಪರದೆ ಮೇಲಿದ್ದ ಬಾಬಾಸಾಹೇಬರ ಫೋಟೋ ತೆಗೆದಳು. ಸೋಮವಾರ ವಿಭೂತಿ ಹಚ್ಚಿಕೊಳ್ಳಲಿಲ್ಲವೇಕೆ ಎಂದು ಯಾರೋ ಕೇಳಿದ್ದಕ್ಕೆ ಇನ್ನೊಂದು ಸುಳ್ಳು. ಏಪ್ರಿಲ್ 14ರಂದು ಕ್ಯಾಂಪಸ್ಸಿನಲ್ಲಿ ಜಯಂತಿ ನಡೆದಿತ್ತು, ಇವಳು ತಲೆನೋವೆಂದು ರೂಮಿನಲ್ಲಿ ಮಲಗಿದ್ದಳು. ದಿನಾ ಸಂಜೆ ಅವ್ವನ ಫೋನು. "ಊಟ ಆತೇನವಾ? ಹೊಂದಿಕೊಂಡಿ ಹೌದಿಲ್ಲೋ?" "ಹೂಂನಬೇ, ಎಲ್ಲಾ ಛಲೋ ಐತಿ."

ರಜೆಗೆ ಬಂದಾಗ ಕೇಳಿದಳು: "ಕಾಕಾ, ನಾ ಶೀಲ ಮುರದೇನೇನ?"

ಕೂಡಲೇ ಉತ್ತರ ಹೊಳೆಯಲಿಲ್ಲ. ಬಾಬಾಸಾಹೇಬರ ಬರೋಡಾದ ಪ್ರಸಂಗ ಹೇಳಿದೆ. 1917ರಲ್ಲಿ ಅಮೆರಿಕ, ಲಂಡನ್ನುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೆ ಇರಲು ಜಾಗವಿರಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ಹತ್ತು-ಹನ್ನೆರಡು ಪಾರ್ಸಿಗಳು ಬಡಿಗೆ ಹಿಡಿದು ಬಂದರು, ಸಂಜೆಯೊಳಗೆ ಖಾಲಿ ಮಾಡು ಎಂದರು. ಗೆಳೆಯರಿಬ್ಬರನ್ನು ಕೇಳಿದರೂ ಆಶ್ರಯ ಸಿಗಲಿಲ್ಲ. ಅಷ್ಟು ಓದಿದ ಮನುಷ್ಯ ಉದ್ಯಾನದಲ್ಲಿ ಕೂತು ಹೊತ್ತು ಕಳೆದು ಮುಂಬಯಿಗೆ ಮರಳಿದರು. ಇದನ್ನೆಲ್ಲ ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಹೆಸರು ಬದಲಿಸಿದ್ದನ್ನು ಅವರು ಮುಚ್ಚಿಡಲಿಲ್ಲ.

ಆಗ ಅವರು ಬೌದ್ಧರಾಗಿರಲಿಲ್ಲ, ಆ ಮಾತು ಬೇರೆ ಎಂದು ನಮ್ಮಲ್ಲೇ ಒಬ್ಬರು ಹಿರಿಯರು ವಾದಿಸಿದರು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. 1956ರ ನಂತರವಾಗಿದ್ದರೂ ಆ ಬಡಿಗೆಗಳು ಬಡಿಗೆಗಳೇ. ಇನ್ನೊಬ್ಬರನ್ನು ವಂಚಿಸಿ ಲಾಭ ಪಡೆಯುವ ಸುಳ್ಳು ಒಂದು, ತಲೆ ಮೇಲೊಂದು ಸೂರು ಉಳಿಸಿಕೊಳ್ಳಲು ಹೇಳುವ ಸುಳ್ಳು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಇಂಥ ಕಡೆ ಪ್ರಶ್ನೆ ಕೇಳಿದವರ ಶೀಲವನ್ನು ಮೊದಲು ವಿಚಾರಿಸಬೇಕು.

ಹಾಗೆಂದು ಅವಳು ಹೇಳಿದ್ದು ನಿಜವಾಗುವುದಿಲ್ಲ. ಅಭಯ ರಾಜಕುಮಾರನಿಗೆ ಬುದ್ಧ ಹೇಳಿದ್ದನ್ನು ನೆನಪಿಸಿಕೊಳ್ಳಿ: ಮಾತು ನಿಜವಾಗಿದ್ದು ಹಿತವಾಗಿದ್ದರೂ ತಥಾಗತರು ಅದನ್ನು ಹೇಳುವ ಕಾಲ ನೋಡುತ್ತಾರೆ. ಸುಳ್ಳಿಗೆ ಅಲ್ಲಿ ಜಾಗವಿಲ್ಲ, ಆದರೆ ಸುಮ್ಮನಿರುವುದಕ್ಕೆ ಇದೆ. "ಯಾಕ, ಅದ ಯಾಕ ಬೇಕ?" ಎಂದು ತಿರುಗಿ ಕೇಳುವುದಕ್ಕೂ ಇದೆ. "ನಾವು ಬೌದ್ಧರು" ಎನ್ನಬಹುದಲ್ಲ ಎಂದರೆ ಅದು ನಿಜ, ಜೋರಾಗಿ ಹೇಳಲಿ. ಆದರೆ ನಮ್ಮಲ್ಲಿ ಕೆಲವರು ಆ ಶಬ್ದವನ್ನೇ ಪರದೆ ಮಾಡಿಕೊಂಡು ಹಿಂದೆ ಅಡಗುವುದನ್ನೂ ನೋಡಿದ್ದೇನೆ.

ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಆ ಎರಡನೇ ದಿನದ ಸುಳ್ಳಲ್ಲ, ದಿನಾ ಸಂಜೆಯ "ಎಲ್ಲಾ ಛಲೋ ಐತಿ". ಮೊದಲಿನದು ಅಪರಿಚಿತರಿಗೆ ಹೇಳಿದ್ದು. ಇದು ಅವಳ ಪಾಲಿಗಿದ್ದ ಒಂದೇ ಬಾಗಿಲನ್ನು ಮುಚ್ಚಿತು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲನನ್ನು ಕಳೆದುಕೊಂಡವರು ನಾವು. ಹಾಸ್ಟೆಲಿನಲ್ಲಿ ಮಕ್ಕಳು ಹೊತ್ತುಕೊಂಡಿರುವುದನ್ನು ಹಗುರವಾಗಿ ಎಣಿಸಬಾರದು.

ಬಾಬಾಸಾಹೇಬರ ಮೊದಲ ವರ್ಷವೂ ಸುಲಭದ್ದಲ್ಲ. 1913ರ ಜುಲೈಯಲ್ಲಿ ನ್ಯೂಯಾರ್ಕಿಗೆ ಹೋದವರು ಹಾಸ್ಟೆಲ್ಲಿನ ಊಟ ಸೇರದೆ ವಾಸ ಬದಲಿಸಿದರು. ಕೊನೆಗೆ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ನವಲ್ ಭಥೇನಾ ಎಂಬ ಗೆಳೆಯನ ಜೊತೆ ನೆಲೆಯಾದರು. ಮುಂದೆ ಲಂಡನ್ನಿಗೆ ಮತ್ತೆ ಓದಲು ಹೊರಟಾಗ ಸಾಲ ಕೊಟ್ಟವರೂ ಇದೇ ಭಥೇನಾ. ಅವರೂ ಪಾರ್ಸಿಯೇ! ಬರೋಡಾದಲ್ಲಿ ಬಡಿಗೆ ಹಿಡಿದವರ ಸಮುದಾಯದವರೇ. ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಎಂಬುದನ್ನು ಜಾತಿಪಟ್ಟಿ ನೋಡಿ ತೀರ್ಮಾನಿಸಲು ಬರುವುದಿಲ್ಲ ಎಂದು ನನಗೆ ಅನ್ನಿಸುವುದು ಇದರಿಂದ. ಕಲ್ಯಾಣಮಿತ್ರತೆ ಧಮ್ಮಜೀವನದ ಅರ್ಧ ಎಂದ ಆನಂದನಿಗೆ, ಅರ್ಧವಲ್ಲ, ಪೂರ್ತಿ ಎಂದು ಬುದ್ಧ ತಿದ್ದಿದ್ದು ನಿಮಗೆ ಗೊತ್ತೇ ಇದೆ. ಇಡೀ ಹಾಸ್ಟೆಲ್ಲಿಗೆ ಸಾರಬೇಕಿಲ್ಲ. ಒಬ್ಬಳಿಗೆ ಹೇಳಿ ನೋಡು ಎಂದೆ.

ರಜೆ ಮುಗಿಸಿ ಹೋದವಳು ಪಕ್ಕದ ಮಂಚದ ಗೆಳತಿಗೆ ಹೇಳಿದ್ದಾಳೆ. ಆ ಹುಡುಗಿ ನಕ್ಕು, "ಸ್ಕಾಲರ್‌ಶಿಪ್ ಪಟ್ಟಿ ನೋಟಿಸ್ ಬೋರ್ಡಿಗೆ ಹಚ್ಚಿದಾಗs ನೋಡೀನಿ. ನೀನಾಗಿ ಹೇಳತಿ ಅಂತ ಸುಮ್ಮಕಿದ್ದೆ" ಅಂದಳಂತೆ. ಉಳಿದಿಬ್ಬರಲ್ಲಿ ಒಬ್ಬಳು ಮಾತು ಕಡಿಮೆ ಮಾಡಿದ್ದಾಳೆ. ಅದೂ ಆಗಿದೆ, ಮುಚ್ಚಿಡುವುದೇಕೆ?

ಅವ್ವನಿಗೆ ಹೇಳಲು ಮಾತ್ರ ಇನ್ನೂ ಎರಡು ತಿಂಗಳು ಬೇಕಾಯಿತು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಅವ್ವ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಅಂದಳಂತೆ: "ನಾನೂ ಒಮ್ಮೆ ಹಂಗ ಹೇಳೀನವಾ. ನೀ ಸಣ್ಣಾಕಿದ್ದಿ. ಮಗ್ಗದ ಕೆಲಸಕ್ಕ ಬಂದು ಬನಹಟ್ಟ್ಯಾಗ ಬಾಡಗಿ ಮನಿ ಹುಡುಕುಮುಂದ."