ತಿತಿಕ್ಷೆಯೂ ಸಮವಸ್ತ್ರವೂ

ಗೀತೆಯ ಎರಡನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಬೋಧಿಸುವ ತಿತಿಕ್ಷೆಯು, ಎಂದರೆ ಶೀತೋಷ್ಣಗಳನ್ನು ಸಮಚಿತ್ತದಿಂದ ಸಹಿಸುವ ಗುಣವು, ಮೇ ತಿಂಗಳಲ್ಲಿ 40 ಡಿಗ್ರಿಯನ್ನು ದಾಟುವ ಕಲಬುರಗಿಯ ಬಿಸಿಲಿನಲ್ಲಿ, ಪಾಲಿಯೆಸ್ಟರ್ ಬೆರೆತ ದಪ್ಪ ಸಮವಸ್ತ್ರವನ್ನು ತೊಟ್ಟು, ಸ್ಟ್ರೆಚರಿನ ಒಂದು ತುದಿಯನ್ನು ಹಿಡಿದು ಮೆಟ್ಟಿಲಿಳಿಯುವ ಆಂಬುಲೆನ್ಸಿನ ಶುಶ್ರೂಷಕನಿಗೂ ವಿಹಿತವೆ? ಅಂಥ ಬಿಸಿಲಿನಲ್ಲಿ ಬೆವರು ಆರಿದಾಗಲಷ್ಟೇ ದೇಹವು ತಂಪಾಗುವುದು. ಅದನ್ನು ಆರಗೊಡದ ಬಟ್ಟೆಯೊಳಗೆ ಮೈ ಬೆಂದು, ಕೈಗವಸಿನಲ್ಲಿ ಬೆರಳುಗಳು ನೆನೆದು ಸುಕ್ಕುಗಟ್ಟಿ, ಹಣೆಯ ಉಪ್ಪು ಕಣ್ಣಿಗಿಳಿದು, ರಕ್ತನಾಳವನ್ನರಸುವ ಸೂಜಿಯು ತಡವರಿಸಿದರೆ, ಆ ಸಹನೆಯ ಬೆಲೆಯನ್ನು ತೆರುವವನು ರೋಗಿ. ತಾನಾಗಿ ವರಿಸಿದ ತಾಪವನ್ನು ತಪಸ್ಸೆನ್ನಬಹುದು. ಪರರ ಮೇಲೆ ಹೊರಿಸಿದ್ದನ್ನು ಹಾಗೆನ್ನಲು ನನಗೆ ನಾಲಗೆ ಬಾರದು. (ಪಂಚಾಗ್ನಿಯ ನಡುವೆ ಕುಳಿತ ತಪಸ್ವಿಗಾದರೂ ಮೈಮೇಲೆ ಕೌಪೀನವಷ್ಟೇ ಇದ್ದಿತು!) ಸಡಿಲವಾದ ತೆಳುಬಣ್ಣದ ಹತ್ತಿಯಂಗಿ, ಎರಡು ಕರೆಗಳ ನಡುವೆ ತುಸು ನೆರಳು, ಕುಡಿಯಲು ನೀರು, ಇವನ್ನು ಬೇಡುವವನು ವೈರಾಗ್ಯಕ್ಕೆ ಎರವಾದವನೆಂದು ಯಾವ ಶಾಸ್ತ್ರವೂ ಹೇಳಲಾರದು.