ಮನೆಗೆ ಮರಳಿದ ಮೇಲೆ

ತಲೆಗೆ ಬಲವಾದ ಪೆಟ್ಟು ಬಿದ್ದ ವ್ಯಕ್ತಿ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಂಧುಬಾಂಧವರೆಲ್ಲ ಕೇಳುವ ಮೊದಲ ಪ್ರಶ್ನೆ: "ಪೂರ್ತಿ ಗುಣವಾಯಿತೇ?" ಪ್ರೀತಿಯಿಂದಲೇ ಹುಟ್ಟಿದ ಪ್ರಶ್ನೆ ಇದು. ಆದರೂ, ಪ್ರಿಯ ಓದುಗರೇ, ಇದನ್ನು ಕೇಳಬೇಕಾದದ್ದು ಆತನೊಬ್ಬನನ್ನೇ ಏನು?

ಮುರಿದ ಮೂಳೆ ಕೂಡುತ್ತದೆ, ಚರ್ಮದ ಗಾಯ ಮಾಯುತ್ತದೆ. ಮಿದುಳಿನ ಪೆಟ್ಟು ಹಾಗಲ್ಲ. ಹೊರಗಿನ ಗಾಯ ಮಾಸಿದ ಮೇಲೂ ಮರೆವು, ಆಯಾಸ, ತಡೆಯಲಾಗದ ಸಿಟ್ಟು, ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ತೋಚದ ಗೊಂದಲ ಉಳಿಯಬಹುದು. ನೋಡುವವರ ಕಣ್ಣಿಗೆ ಆತ ಗಟ್ಟಿಮುಟ್ಟಾಗಿರುತ್ತಾನೆ. ಆದ್ದರಿಂದಲೇ ಅವನನ್ನು ಸೋಮಾರಿಯೆಂದೋ ಮುಂಗೋಪಿಯೆಂದೋ ಕರೆಯುವುದು ಸುಲಭವಾಗುತ್ತದೆ.

ಇಂಥವರನ್ನು ಒಳರೋಗಿಗಳಾಗಿ ಇರಿಸಿಕೊಂಡು ಮತ್ತೆ ಬದುಕಿಗೆ ಅಣಿಗೊಳಿಸುವ ಚಿಕಿತ್ಸೆಯೊಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ನಡೆಯುವುದು, ಮಾತನಾಡುವುದು, ಸ್ನಾನ ಮಾಡುವುದು, ಹಣದ ಲೆಕ್ಕವಿಡುವುದು, ದಿನದ ಕೆಲಸಗಳನ್ನು ಬರೆದಿಟ್ಟುಕೊಂಡು ನೆನಪಿಗೆ ಊರುಗೋಲು ಒದಗಿಸುವುದು, ಹೀಗೆ ಎಳೆಯ ಮಗುವಿಗೆ ಕಲಿಸಿದಂತೆ ಒಂದೊಂದನ್ನೂ ತಾಳ್ಮೆಯಿಂದ ಕಲಿಸುವುದು ಈ ಚಿಕಿತ್ಸೆಯ ರೀತಿ.

ಇದರ ಫಲ ಎಷ್ಟು ಕಾಲ ನಿಲ್ಲುತ್ತದೆ? ಮಿದುಳಿಗೆ ಮಧ್ಯಮ ಅಥವಾ ತೀವ್ರ ಪೆಟ್ಟಾಗಿ ಪುನಶ್ಚೇತನ ಕೇಂದ್ರಗಳಲ್ಲಿ ಒಳರೋಗಿಗಳಾಗಿದ್ದವರ ಮುಂದಿನ ಬದುಕನ್ನು ಅಮೆರಿಕದಲ್ಲಿ ದೀರ್ಘಕಾಲ ಗಮನಿಸಿದ್ದಾರೆ. 5 ವರ್ಷಗಳ ಬಳಿಕ ನೂರರಲ್ಲಿ 26 ಮಂದಿ ಇನ್ನಷ್ಟು ಸುಧಾರಿಸಿದ್ದರು. 22 ಮಂದಿ ಇದ್ದಂತೆಯೇ ಇದ್ದರು. 30 ಮಂದಿಯ ಸ್ಥಿತಿ ಹದಗೆಟ್ಟಿತ್ತು. 22 ಮಂದಿ ತೀರಿಕೊಂಡಿದ್ದರು. ಮೊದಲ ಕೆಲವು ತಿಂಗಳಲ್ಲಿ ಮರಳಿ ಬಾರದ್ದು ಮುಂದೆಂದೂ ಬಾರದು ಎಂಬ ನಮ್ಮ ನಂಬಿಕೆ ಸರಿಯಲ್ಲವೆಂದು ಆ 26 ಮಂದಿ ತೋರಿಸುತ್ತಾರೆ. ಬಿಡುಗಡೆಯ ಚೀಟಿ ಕೈಸೇರಿದೊಡನೆ ಅಪಾಯ ಕಳೆಯಿತೆಂಬ ನಂಬಿಕೆಯೂ ಸರಿಯಲ್ಲವೆಂದು ಆ 30 ಮಂದಿ ತೋರಿಸುತ್ತಾರೆ.

ಮಿದುಳಿಗೆ ಪೆಟ್ಟಾದವರು ಒಂದೆಡೆ ಕಲಿತದ್ದನ್ನು ಇನ್ನೊಂದೆಡೆ ಬಳಸಲು ಬಹಳ ಕಷ್ಟಪಡುತ್ತಾರೆ. ಕೇಂದ್ರದ ಗ್ಯಾಸ್ ಒಲೆಯ ಮೇಲೆ ಚಹಾ ಮಾಡಲು ಕಲಿತವನು ತನ್ನ ಮನೆಯ ಸೌದೆ ಒಲೆಯ ಮುಂದೆ ಕೈಕಟ್ಟಿ ನಿಲ್ಲಬಹುದು. ಹನೂರು ತಾಲ್ಲೂಕಿನ ನಮ್ಮ ರಾಮಾಪುರದಂಥ ಊರನ್ನು ನೆನೆಯಿರಿ. ಬೆಂಗಳೂರು ಇಲ್ಲಿಂದ ನೂರೈವತ್ತು ಕಿಲೋಮೀಟರಿಗೂ ದೂರ. ಮರುತಪಾಸಣೆಗೆ ಹೋಗಬೇಕೆಂದರೆ ಇಬ್ಬರ ಬಸ್ಸಿನ ಖರ್ಚು, ಜೊತೆಗೆ ಹೋದವರ ಕೂಲಿ ನಷ್ಟ. ಗಂಡ ಹಾಸಿಗೆ ಹಿಡಿದ ಮನೆಯಲ್ಲಿ ಹೊಲದ ಕೆಲಸವೂ ಹೆಂಡತಿಯದೇ, ಆರೈಕೆಯೂ ಅವಳದೇ. ಹೀಗಿರುವಾಗ ಕೇಂದ್ರದಲ್ಲಿ ತಿಂಗಳುಗಟ್ಟಲೆ ಶ್ರಮಪಟ್ಟು ಕಲಿತದ್ದು ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ಕರಗಿಹೋದರೆ, ಸೋತದ್ದು ಚಿಕಿತ್ಸೆಯೇ?

1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗಾಗಿ ಬಂಡೆ ಸಿಡಿಸುತ್ತಿದ್ದ ಮೇಸ್ತ್ರಿ ಫಿನಿಯಸ್ ಗೇಜ್ ಎಂಬವನ ತಲೆಯನ್ನು ಕಬ್ಬಿಣದ ಸಲಾಕೆಯೊಂದು ತೂರಿಕೊಂಡು ಹೋಯಿತು. ಆತ ಬದುಕುಳಿದ. ಆದರೆ ಸ್ವಭಾವ ಬದಲಾಗಿತ್ತು. ಹಳೆಯ ಕೆಲಸ ಮತ್ತೆ ಸಿಗಲಿಲ್ಲ. ಪುಸ್ತಕಗಳು ಬಹುಕಾಲ ಅವನ ಕಥೆಯನ್ನು ಇಲ್ಲಿಗೇ ಮುಗಿಸುತ್ತಿದ್ದವು. ಆದರೆ 1852ರಲ್ಲಿ ಚಿಲಿ ದೇಶಕ್ಕೆ ಹೋದ ಗೇಜ್ ಹಲವು ವರ್ಷ ಅಲ್ಲಿ ಕುದುರೆ ಬಂಡಿ ಓಡಿಸಿದ. ದಿನವೂ ಅದೇ ಹೊತ್ತು, ಅದೇ ದಾರಿ, ಅದೇ ಕೆಲಸ. ಈ ಕ್ರಮಬದ್ಧ ದಿನಚರಿಯೇ ಆತನನ್ನು ಸುಧಾರಿಸಿರಬೇಕೆಂದು ಈಚಿನ ಸಂಶೋಧಕರು ಅಭಿಪ್ರಾಯಪಡುತ್ತಾರೆ. ಅವನನ್ನು ನಂಬಿ ಲಗಾಮು ಕೈಗಿತ್ತವರು ಯಾರೋ ಇದ್ದರು ಎಂಬುದನ್ನು ನಾವು ಮರೆಯಬಾರದು.

ಹಿಂದಿನ ಮನುಷ್ಯ ಮರಳಿ ಬರಲಿಲ್ಲವೆಂದು ಮನೆಯವರು ಅಳುವುದು ತಪ್ಪಲ್ಲ. ಆ ದುಃಖ ಸತ್ಯವಾದದ್ದು. ಆರೈಕೆಯ ಭಾರಕ್ಕೆ ಮನೆಯೇ ಕುಸಿಯುವಂತಾದರೆ ಆತನನ್ನು ಒಳ್ಳೆಯ ಸಂಸ್ಥೆಯ ಕೈಗೆ ಒಪ್ಪಿಸುವುದೂ ಪಾಪವಲ್ಲ. ಒಪ್ಪಿಸಿ ಮರೆತುಬಿಡುವುದು ಪಾಪ. ದುಡಿಮೆಯಿಂದ ಮನುಷ್ಯನ ಬೆಲೆ ಕಟ್ಟುವ ಅಭ್ಯಾಸ ನಮ್ಮಲ್ಲಿ ಆಳವಾಗಿ ಬೇರೂರಿದೆ. ದುಡಿಯಲಾರದವನ ಎದುರಿಗೆ ಕುಳಿತಾಗಲೇ ನಾವು ಬಾಯಲ್ಲಿ ಹೇಳುವ ಪ್ರೀತಿಯ ತೂಕ ನಮಗೆ ತಿಳಿಯುವುದು.

ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು. ಸ್ವಸ್ಥನಾದ ಆತನನ್ನು ಪ್ರಭು ಕಳುಹಿಸಿದ್ದು ಅವನ ಮನೆಗೇ. ಹೊತ್ತವರ ಕೆಲಸ ಅಂದಿಗೆ ಮುಗಿಯಿತು. ಮಿದುಳಿಗೆ ಪೆಟ್ಟಾದವರ ಮನೆಗಳಲ್ಲಿ ಹೊರುವ ಕೆಲಸ ವರ್ಷಗಟ್ಟಲೆ ಇರುತ್ತದೆ. ಅಲ್ಲಿ ಹೆಗಲು ಕೊಡುವವರು ಬೇಕು.

ಅದಕ್ಕೆ ಹಣವಿಲ್ಲದೆಯೂ ಮಾಡಬಹುದಾದದ್ದು ಬಹಳಷ್ಟಿದೆ. ಆತನ ವಸ್ತುಗಳು ದಿನವೂ ಅದೇ ಜಾಗದಲ್ಲಿರಲಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಉತ್ತರಕ್ಕೆ ಕಾಯಿರಿ. ಆತನ ಪರವಾಗಿ ನೀವೇ ಉತ್ತರಿಸಬೇಡಿ. ಗೆಳೆಯರು ಕುಡಿತಕ್ಕೆ ಕರೆಯದಿರಲಿ. ಪೆಟ್ಟು ತಿಂದ ಮಿದುಳಿಗೆ ಮದ್ಯ ದೊಡ್ಡ ಶತ್ರು. ಹಸುವಿಗೆ ನೀರಿಡುವಂಥ ಸಣ್ಣ ಕೆಲಸವೊಂದನ್ನು ಆತನದೇ ಎಂದು ಬಿಟ್ಟುಕೊಡಿ. ವಾರಕ್ಕೊಂದು ಮಧ್ಯಾಹ್ನ ನೆರೆಯವರೊಬ್ಬರು ಬಂದು ಆತನ ಜೊತೆ ಕುಳಿತರೆ ಆ ತಾಯಿ, ಆ ಹೆಂಡತಿ ನಿಶ್ಚಿಂತೆಯಿಂದ ಒಂದು ಗಂಟೆ ನಿದ್ರಿಸಿಯಾಳು.

ನಿಮ್ಮ ಬೀದಿಯಲ್ಲಿ ಅಂಥ ಮನೆಯೊಂದಿದ್ದರೆ, ಆತ ಗುಣವಾದನೇ ಎಂದು ವಿಚಾರಿಸುವ ಮುನ್ನ, ಯಾವ ದಿನ ನಾನು ಬಂದು ಕೂರಲಿ ಎಂದು ಕೇಳಿ ನೋಡಿ.