ಒಬ್ಬರಿಗೆಂದೇ ಮಾಡಿದ ಮದ್ದು

ಅಂಗಿಗೆ ಅಳತೆ ಕೊಡುವ ನಾವು ಮದ್ದಿಗೆ ಅಳತೆ ಕೊಡುವುದಿಲ್ಲ. ಐನೂರು ಮಿಲಿಗ್ರಾಂ ಎಂದರೆ ಜಟ್ಟಿಗೂ ಅದೇ, ಬಡಕಲು ಮುದುಕಿಗೂ ಅದೇ. ಮಗುವಿಗಾದರೆ ಮಾತ್ರೆಯನ್ನು ಚಾಕುವಿನಿಂದ ಮುರಿದು, ಇದು ಕಾಲುಭಾಗವೆಂದು ನಂಬಿ ಕೊಡುತ್ತೇವೆ.

ಈ ಕೊರತೆಯನ್ನು ನೀಗಬಲ್ಲ ಉಪಾಯವೊಂದು ಈಗ ಬಂದಿದೆ. ಅದು ಮೂರು ಆಯಾಮದ ಮುದ್ರಣ. ಯಂತ್ರವು ಮದ್ದನ್ನು ಪದರದ ಮೇಲೆ ಪದರವಾಗಿ ಇಟ್ಟು ಮಾತ್ರೆ ಕಟ್ಟುತ್ತದೆ. ಗಾತ್ರ ಹಿಗ್ಗಿಸಿದರೆ ಮದ್ದು ಹೆಚ್ಚು, ಕುಗ್ಗಿಸಿದರೆ ಕಡಿಮೆ. ಅಮೆರಿಕದಲ್ಲಿ ಮೂರ್ಛೆರೋಗದ ‘ಸ್ಪ್ರಿಟಮ್’ ಎಂಬ ಮುದ್ರಿತ ಮಾತ್ರೆಗೆ 2015ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. ಒಂದು ಗುಟುಕು ನೀರಿಗೆ ಅದು ಬಾಯಲ್ಲೇ ಕರಗುತ್ತದೆ. ಆದರೆ ಅದೂ ಗೊತ್ತುಮಾಡಿದ ಕೆಲವೇ ಅಳತೆಗಳಲ್ಲಿ ಬರುವ ಮದ್ದು.

ಒಬ್ಬೊಬ್ಬರ ಅಳತೆಗೆ ಮಾಡಿದ ನಿದರ್ಶನ ಬೇಕಾದರೆ ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾ ನಗರದ ಆಸ್ಪತ್ರೆಗೆ ಹೋಗಬೇಕು. ಮೇಪಲ್ ಸಿರಪ್ ಮೂತ್ರರೋಗವೆಂಬ ಹುಟ್ಟುಬೇನೆಯ ನಾಲ್ವರು ಮಕ್ಕಳಿಗೆ ಅಲ್ಲಿ ಐಸೊಲ್ಯೂಸೀನ್ ಎಂಬ ಅಮೈನೋ ಆಮ್ಲದ ಮಾತ್ರೆಗಳನ್ನು, ಮಗುವಿಗೊಂದು ಅಳತೆಯಂತೆ, ಬಗೆಬಗೆಯ ಬಣ್ಣ ರುಚಿಗಳಲ್ಲಿ ಅಚ್ಚುಹಾಕಿ ಕೊಟ್ಟರು. 2019ರಲ್ಲಿ ಪ್ರಕಟವಾದ ವರದಿಯಂತೆ, ಹಿಂದೆ ಕೊಡುತ್ತಿದ್ದ ಕ್ಯಾಪ್ಸೂಲುಗಳಿಗಿಂತ ಇವುಗಳಿಂದ ರಕ್ತದಲ್ಲಿನ ಆ ಅಂಶ ಹೆಚ್ಚು ಹದವಾಗಿ ನಿಂತಿತು.

ಅರವತ್ತು ಮಂದಿಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಅದನ್ನೇ ನ್ಯಾಯವೆನ್ನುವ ವೃತ್ತಿ ನನ್ನದು. ಎಲ್ಲರಿಗೂ ಒಂದೇ ಎಂಬುದೇ ಸಮಾನತೆಯಲ್ಲ ಎಂದು ಆ ಮಕ್ಕಳ ಮಾತ್ರೆ ನನಗೂ ಪಾಠ ಹೇಳುತ್ತದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲರೂ ನುಂಗುವ ಮಾತ್ರೆಗೆ ಸಾವಿರಾರು ಸಾಕ್ಷಿಗಳುಂಟು. ಕಾರ್ಖಾನೆಯ ರಾಶಿಯಿಂದ ಕೆಲವನ್ನು ತೆಗೆದು ಪುಡಿಮಾಡಿ ಪರೀಕ್ಷಿಸಿದರೆ ಮಿಕ್ಕವುಗಳ ಮೇಲೆ ಭರವಸೆ ಹುಟ್ಟುತ್ತದೆ. ಒಬ್ಬನಿಗೆಂದು ಮಾಡಿದ ಒಂದೇ ಮಾತ್ರೆಯನ್ನು ಪುಡಿಮಾಡಿದರೆ ಅವನಿಗೆ ಉಳಿಯುವುದೇನು? ಮುರಿಯದೆ ತೂಗುವ, ಬೆಳಕು ಹಾಯಿಸಿ ನೋಡುವ ವಿಧಾನಗಳು ಇವೆ, ನಿಜ. ಆದರೆ ತಪ್ಪಾದಾಗ ಹೊಣೆ ಯಾರದು? ಅಳತೆ ಬರೆದ ವೈದ್ಯರದೊ, ಯಂತ್ರ ನಡೆಸಿದವರದೊ, ಯಂತ್ರ ಮಾರಿದವರದೊ? ರೋಗಿಯ ಬಳಿಯಲ್ಲೇ ಮದ್ದು ತಯಾರಿಸುವುದಕ್ಕೆ ಬ್ರಿಟನ್ 2025ರಲ್ಲಿ ಪ್ರತ್ಯೇಕ ನಿಯಮಗಳನ್ನು ಜಾರಿಗೆ ತಂದುದು ಇಂಥ ಪ್ರಶ್ನೆಗಳಿಗೆ ಉತ್ತರ ಬೇಕೆಂದೇ.

ನಿಯಮ ಬೇಕು, ಅದರಷ್ಟರಿಂದಲೇ ಸಾಲದು. ನಮ್ಮ ಊರುಗಳಲ್ಲಿ ಹಿಂದೆ ಕಾಂಪೌಂಡರು ಮಿಕ್ಸ್ಚರ್ ಕಲಸಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದವನ್ನು ಸೀಸೆಗೆ ಅಂಟಿಸಿ ಕೊಡುತ್ತಿದ್ದುದನ್ನು ಹಿರಿಯರು ಬಲ್ಲರು. ಅದೂ ಒಬ್ಬರಿಗೆಂದೇ ಮಾಡಿದ ಮದ್ದು. ಅವನ ಕೈಯೂ ತಪ್ಪುತ್ತಿದ್ದಿರಬಹುದು. ಆದರೆ ತಪ್ಪಿದಾಗ ಹೋಗಿ ಕೇಳಲು ಕಿಟಕಿಯ ಹಿಂದೆ ಒಂದು ಮುಖವಿತ್ತು. ಅವನಿಗೂ ರೋಗಿಯ ಹೆಸರು ಗೊತ್ತಿತ್ತು. ಯಂತ್ರವು ಮಾತ್ರೆಯ ಮೇಲೆ ನಮ್ಮ ಅಳತೆಯನ್ನು ಅಚ್ಚುಹಾಕಲಿ, ಸಂತೋಷ. ಅದರ ಜೊತೆಗೆ, ‘ಇದಕ್ಕೆ ನಾನು ಹೊಣೆ’ ಎಂದು ರುಜು ಹಾಕುವ ಮನುಷ್ಯನೊಬ್ಬನೂ ಇರಬೇಕು. ಮದ್ದು ಒಬ್ಬನದಾದಷ್ಟೂ ಹೊಣೆಯೂ ಒಬ್ಬನದಾಗಬೇಕೆಂದು ನನಗೆ ತೋರುತ್ತದೆ.